ಕಾಡಿಗೆ ಒಯ್ಯುವ ಬುತ್ತಿ



ಕಳೆದ ತಿಂಗಳು ರಾಣೆಬೆನ್ನೂರಿನ ಸಹೋದರಿಯೊಬ್ಬರಿಂದ ಈ ಅಂಕಣಕ್ಕೆ ಒಂದು ಪತ್ರ ಬಂದಿತು. ಅವರ ಮಗಳು ಮತ್ತು ಅಳಿಯ ಅಮೆರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಹೋಸೆ ನಗರದಲ್ಲಿದ್ದಾರೆ. ಬರುವ ಬೇಸಗೆಯಲ್ಲಿ ದಂಪತಿಗಳಿಬ್ಬರೂ ಕೆಲವು ತಿಂಗಳ ಮಟ್ಟಿಗೆ ಅಲ್ಲಿಗೆ ಹೊರಟಿದ್ದಾರೆ. "ಗುಡ್ಡದ ಮೇಲೆ ದೊಡ್ಡ ದೊಡ್ಡ ಮರಗಳ ಕಾಡು ಇದೆಯಂತೆ, ಬಿಗ್ ಬೇಸಿನ್ ಎಂದು ಅದರ ಹೆಸರಂತೆ. ಒಂದು ದಿವಸ ಅಲ್ಲಿಗೆ ಕರೆದೊಯ್ಯುತ್ತೇನೆಂದು ಮಗಳು ಹೇಳುತ್ತಾಳೆ. ನಮ್ಮ ಮನೆಯವರಿಗೆ ಮೊಣಕಾಲು ನೋವು. ನನಗೆ ಘಟ್ಟದ ರಸ್ತೆ ಎಂದರೆ ವಾಂತಿ. ಹೋಗುವುದೋ, ಬಿಡುವುದೋ? ಹೋದರೆ ಏನೇನು ಸಿದ್ಧತೆ ಬೇಕು?" ಎಂದು ಕೇಳಿದ್ದಾರೆ.

ಹೋಗಿರಿ ಎಂಬುದು ನನ್ನ ಉತ್ತರ. ಆ ಕಾಡಿಗೆ ನಾನು ಎರಡು ಸಲ ಹೋಗಿ ಬಂದಿದ್ದೇನೆ. 2019ರಲ್ಲಿ ನಮ್ಮ ಯಜಮಾನರೊಂದಿಗೆ, 2023ರಲ್ಲಿ ಅವರಿಲ್ಲದೆ. ಮೊದಲನೆಯ ಸಲ ನಾವು ಸಿದ್ಧತೆಯನ್ನೇನೋ ಮಾಡಿಕೊಂಡಿದ್ದೆವು. ಆದರೆ ಮಾಡಬೇಕಾಗಿದ್ದ ಸಿದ್ಧತೆ ಬೇರೆಯೇ ಇತ್ತು. ಆದುದರಿಂದ ನನ್ನ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಇಂದು ನಮ್ಮ ಎಷ್ಟೋ ಮನೆಗಳ ಹಿರಿಯರು ಮಕ್ಕಳಿರುವ ಆ ಭಾಗಕ್ಕೆ ಹೋಗಿ ಬರುವವರೇ ಆಗಿರುವುದರಿಂದ ಇದು ಒಬ್ಬರಿಗೆ ಮಾತ್ರ ಬರೆದ ಪತ್ರವಾಗಲಾರದು.

'ಸ್ಟೇಟ್ ಪಾರ್ಕ್' ಎಂಬ ಮಾತನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾರಂಜಿ, ಹೂವಿನ ಪಾತಿ, ಕುಳಿತುಕೊಳ್ಳಲು ಕಲ್ಲುಬೆಂಚು. ಅಲ್ಲಿ ಹಾಗಲ್ಲ. ರಾಜ್ಯ ಸರಕಾರವು ಕಡಿಯದಂತೆ, ಕಟ್ಟದಂತೆ ಕಾಯ್ದಿರಿಸಿದ ಕಾಡಿಗೇ ಆ ಹೆಸರು. ಬಿಗ್ ಬೇಸಿನ್ ಇರುವುದು ಸಾಂತಾಕ್ರೂಜ್ ಪರ್ವತಗಳಲ್ಲಿ, ಶಾಂತಸಾಗರದ ದಂಡೆಗೆ ಸಮೀಪವಾಗಿ. ಕ್ಯಾಲಿಫೋರ್ನಿಯಾದ ಇಂಥ ಉದ್ಯಾನಗಳಲ್ಲೆಲ್ಲ ಇದೇ ಹಿರಿಯದು. 1902ರಲ್ಲಿ ಸುಮಾರು 3,800 ಎಕರೆಗಳೊಂದಿಗೆ ಆರಂಭವಾದದ್ದು ಈಗ 18,000 ಎಕರೆಗಳನ್ನು ಮೀರಿ ಬೆಳೆದಿದೆ. ಅಲ್ಲಿಯ ರೆಡ್‌ವುಡ್ ಮರಗಳಲ್ಲಿ ಸಾವಿರ ವರ್ಷ ದಾಟಿದವು ಹಲವಾರಿವೆ. ಎತ್ತರವಾದವು 300 ಅಡಿಯ ಆಸುಪಾಸಿನಲ್ಲಿವೆ. ತಲೆಯೆತ್ತಿ ತುದಿಯನ್ನು ಹುಡುಕುವಾಗ ಸೆರಗು ಜಾರಿದ್ದೂ ತಿಳಿಯುವುದಿಲ್ಲ.

ಈ ಕಾಡು ಉಳಿದ ಬಗೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. 1899ರಲ್ಲಿ ಆ ಪರ್ವತಗಳಲ್ಲಿ ಬೆಂಕಿ ಬಿದ್ದಾಗ ಜೋಸೆಫೀನ್ ಮೆಕ್‌ಕ್ರ್ಯಾಕಿನ್ ಎಂಬ ಲೇಖಕಿಯ ಮನೆ ಸುಟ್ಟುಹೋಯಿತು. ಮನೆ ಕಳೆದುಕೊಂಡ ಆ ತಾಯಿ ಮರುವರ್ಷ ಪತ್ರಿಕೆಗೆ ಬರೆದದ್ದು ತನ್ನ ಮನೆಗಾಗಿ ಅಲ್ಲ, ಮರಗಳನ್ನು ಉಳಿಸಿರೆಂದು. ಅದೇ ಸಮಯದಲ್ಲಿ ಆ್ಯಂಡ್ರೂ ಹಿಲ್ ಎಂಬ ಛಾಯಾಗ್ರಾಹಕರು ಹತ್ತಿರದ ಇನ್ನೊಂದು ರೆಡ್‌ವುಡ್ ತೋಪಿನಲ್ಲಿ ಚಿತ್ರ ತೆಗೆಯುತ್ತಿರುವಾಗ ತೋಪಿನ ಮಾಲೀಕನು, ಇವು ನನ್ನ ಮರಗಳು, ಚಿತ್ರ ತೆಗೆಯಲು ನೀನಾರು ಎಂದು ತಡೆದನಂತೆ. ಸಾವಿರ ವರ್ಷದ ಮರಕ್ಕೆ ಒಬ್ಬ ಮಾಲೀಕನೇ ಎಂಬ ಸಿಟ್ಟು ಹಿಲ್ ಅವರನ್ನು ಸುಮ್ಮನೆ ಕೂಡಲು ಬಿಡಲಿಲ್ಲ. 1900ರ ಮೇ ತಿಂಗಳಲ್ಲಿ ಒಂದು ಚಿಕ್ಕ ಗುಂಪು ಬಿಗ್ ಬೇಸಿನ್ನಿಗೆ ಹೋಗಿ ಬಿಡಾರ ಹೂಡಿತು. ಕ್ಯಾರಿ ಸ್ಟೀವನ್ಸ್ ವಾಲ್ಟರ್ ಎಂಬ ಲೇಖಕಿಯೂ ಅದರಲ್ಲಿದ್ದರು. ಅಲ್ಲಿಯೇ ಸಂಘ ಕಟ್ಟಿ, ಟೊಪ್ಪಿಗೆಯನ್ನು ಕೈಯಿಂದ ಕೈಗೆ ದಾಟಿಸಿ ಕೂಡಿಸಿದ ಹಣ 32 ಡಾಲರು. ಮರುವರ್ಷವೇ ಸರಕಾರವು ಎರಡೂವರೆ ಲಕ್ಷ ಡಾಲರು ಮಂಜೂರು ಮಾಡಿತು. ಜೋಳಿಗೆ ಹಿಡಿದು ಮಠ, ಶಾಲೆ, ಪ್ರಸಾದನಿಲಯಗಳನ್ನು ಕಟ್ಟಿದ ಹಿರಿಯರ ಕಥೆಗಳನ್ನು ಕೇಳಿ ಬೆಳೆದ ನಮಗೆ ಆ 32 ಡಾಲರಿನ ಬೆಲೆ ತಿಳಿಯದೇ ಇರದು.

ಇನ್ನು ಪ್ರಯಾಣದ ವಿಷಯ.

ಮೊದಲನೆಯದಾಗಿ, ಎದ್ದ ದಿನವೇ ಹೊರಟುಬಿಡುವ ಕಾಲ ಹೋಯಿತು. 2020ರ ಆಗಸ್ಟ್ ತಿಂಗಳಲ್ಲಿ ಮಳೆಯಿಲ್ಲದ ಗುಡುಗು ಸಿಡಿಲುಗಳಿಂದ ಆ ಪರ್ವತಗಳಿಗೆ ಬೆಂಕಿ ತಗುಲಿ, 86,000 ಎಕರೆಗಿಂತ ಹೆಚ್ಚು ನೆಲ ಸುಟ್ಟಿತು. ಬಿಗ್ ಬೇಸಿನ್ನಿನಲ್ಲಿ ನೂರಕ್ಕೆ 97 ಭಾಗಕ್ಕೆ ಬೆಂಕಿ ಹಬ್ಬಿತು. 1936ರಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ್ದ ಚೆಂದದ ಕಚೇರಿ ಬೂದಿಯಾಯಿತು. 2019ರಲ್ಲಿ ನಾವು ಅದರ ಜಗುಲಿಯ ಮೇಲೆ ಕುಳಿತು ನೀರು ಕುಡಿದಿದ್ದೆವು. 2022ರ ಜುಲೈಯಲ್ಲಿ ಉದ್ಯಾನವನ್ನು ಮತ್ತೆ ತೆರೆದಾಗ ಹಗಲಿನ ಭೇಟಿಗೆ ಮಾತ್ರ ಅವಕಾಶವಿತ್ತು. ಕಾರು ನಿಲ್ಲಿಸುವ ಜಾಗವೂ ಮಿತವಾಗಿತ್ತು. ಅಂದಿನಿಂದ ಆ ಜಾಗವನ್ನು ಮುಂಗಡವಾಗಿ ಕಾಯ್ದಿರಿಸುವ ಪದ್ಧತಿ ಬಂದಿದೆ. ನಮ್ಮ ಸೊಸೆ ಶನಿವಾರ, ರವಿವಾರಗಳನ್ನು ನೋಡಿದಳು, ಭರ್ತಿಯಾಗಿತ್ತು. ಕೊನೆಗೆ ಮಗನು ಒಂದು ಬುಧವಾರ ರಜೆ ತೆಗೆದುಕೊಂಡ. ನನ್ನನ್ನು ಕೇಳಿದರೆ ಬುಧವಾರವೇ ಲೇಸು. ಜನಜಂಗುಳಿಯಿಲ್ಲದಿದ್ದಾಗ ಕಾಡು ಕಾಡಾಗಿ ಕಾಣುತ್ತದೆ. ಒಂದು ಮಾತು ನೆನಪಿರಲಿ: ಗುಡ್ಡ ಏರತೊಡಗಿದಂತೆ ಮೊಬೈಲಿನ ಸಂಪರ್ಕ ಕಡಿದುಹೋಗುತ್ತದೆ. ಕಾಯ್ದಿರಿಸಿದ ಚೀಟಿಯನ್ನು ಕಾಗದದ ಮೇಲೆ ಮುದ್ರಿಸಿ ಚೀಲದಲ್ಲಿ ಇಟ್ಟುಕೊಳ್ಳಲು ಮಗಳಿಗೆ ಹೇಳಿರಿ. ದಾರಿಯ ನಕಾಶೆಯೂ ಹಾಗೆಯೇ. ಆ ಮಕ್ಕಳು ಕಾಗದವನ್ನು ಕಂಡರೆ ನಗುತ್ತಾರೆ. ನಗಲಿ.

ರಸ್ತೆ ನಿಜಕ್ಕೂ ತಿರುವು ಮುರುವಿನದು. ಆಗುಂಬೆ ಘಾಟಿ ಕಂಡವರಿಗೆ ಹೊಸದಲ್ಲ, ಆದರೆ ಬಯಲುಸೀಮೆಯ ಹೊಟ್ಟೆಗೆ ಹೊಸದು. ಸ್ಯಾನ್ ಹೋಸೆಯ ಕಡೆಯಿಂದ ಸಾರಟೋಗಾ ಊರಿನ ಮೇಲೆ ಹೋಗುವ ದಾರಿ ದೂರ ಕಡಿಮೆಯಾದರೂ ಕೊನೆಯ ಭಾಗ ಬಹಳ ಕಿರಿದು. ಎದುರಿಗೆ ಒಂದು ಕಾರು ಬಂದರೆ ಉಸಿರು ಬಿಗಿಹಿಡಿಯಬೇಕು. ಬೌಲ್ಡರ್ ಕ್ರೀಕ್ ಎಂಬ ಊರಿನ ಕಡೆಯಿಂದ ಬರುವ ದಾರಿ ಸುತ್ತಾದರೂ ಸ್ವಲ್ಪ ಸೌಮ್ಯ. ಮೊದಲ ಸಲ ನಾವು ಮೊದಲನೆಯದರಲ್ಲಿ ಹೋದೆವು. ನಾನು ಎರಡು ಕಡೆ ಕಾರು ನಿಲ್ಲಿಸಬೇಕಾಯಿತು. ಎರಡನೆಯ ಸಲ ಸುತ್ತುದಾರಿ, ಮುಂದಿನ ಆಸನ, ಬಾಯಲ್ಲಿ ಒಣಶುಂಠಿಯ ಚೂರು, ಹೊಟ್ಟೆಯಲ್ಲಿ ಎರಡು ಇಡ್ಲಿ. ಏನೂ ಆಗಲಿಲ್ಲ. ಬೆಳಗಿನ ಪೂಜೆಯನ್ನು ಸ್ವಲ್ಪ ಬೇಗನೆ ಮುಗಿಸಿ ಏಳೂವರೆಗೆ ಹೊರಟರೆ, ದಾರಿಯಲ್ಲಿ ಒಂದೆರಡು ಕಡೆ ನಿಂತರೂ ಹತ್ತು ಗಂಟೆಯೊಳಗೆ ಮರದ ಕೆಳಗಿರುತ್ತೀರಿ.

ಮೊಣಕಾಲಿನ ಚಿಂತೆ ಬೇಡ. ಹಳೆಯ ಮರಗಳ ನಡುವೆ ಸುತ್ತಿ ಬರುವ 'ರೆಡ್‌ವುಡ್ ಲೂಪ್' ಎಂಬ ಕಾಲುದಾರಿ ಒಂದು ಕಿಲೋಮೀಟರಿನಷ್ಟು ಮಾತ್ರ, ಸಪಾಟು ನೆಲ. ಚಪ್ಪಲಿ ಬೇಡ, ಮುಚ್ಚಿದ ಬೂಟು ಇರಲಿ. ಹೊರಗೆ ಊರಲ್ಲಿ ಬಿಸಿಲು ಸುಡುತ್ತಿದ್ದರೂ ಆ ಮರಗಳ ನೆರಳಿಗೆ ಸ್ವೆಟರು ಬೇಕೇ ಬೇಕು. ಸಮುದ್ರದ ಮಂಜು ಮುಂಜಾನೆ ಅಲ್ಲಿಯವರೆಗೆ ಏರಿ ಬರುತ್ತದೆ. ಬೇಸಗೆಯಲ್ಲಿ ಮಳೆಯೇ ಬಾರದ ಆ ಸೀಮೆಯಲ್ಲಿ ಮರಗಳು ಆ ಮಂಜಿನಿಂದಲೇ ತೇವವನ್ನು ಹಿಡಿಯುತ್ತವೆ. ನೀರನ್ನು ಮನೆಯಿಂದಲೇ ಸಾಕಷ್ಟು ಒಯ್ಯಿರಿ. ಬೆಂಕಿಯಲ್ಲಿ ಹೋದ ಅನುಕೂಲಗಳೆಲ್ಲ ತಿರುಗಿ ಬಂದಿರುತ್ತವೆಂದು ನಂಬಿ ಹೋಗಬಾರದು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬೆಂಕಿಯ ಭಯ ಹೆಚ್ಚು. ಮೇ ಅಥವಾ ಜೂನ್ ತಿಂಗಳು ನಿಮ್ಮಂಥವರಿಗೆ ಒಳ್ಳೆಯದು.

ಇನ್ನೊಂದು ಎಚ್ಚರಿಕೆ, ವಿಶೇಷವಾಗಿ ನಮ್ಮ ಮನೆಗಳ ತಾಯಂದಿರಿಗೆ. ದಾರಿಯ ಬದಿಯಲ್ಲಿ ಮೂರು ಮೂರು ಎಲೆಗಳು ಕೂಡಿಕೊಂಡ ಗಿಡ ಕಾಣುತ್ತದೆ. ಕಂಡೊಡನೆ ಪತ್ರೆಯ ನೆನಪಾಗಿ ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಸೊಸೆ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಅದು 'ಪಾಯ್ಸನ್ ಓಕ್'. ನಮ್ಮ ಗೇರು, ಕೇರುಬೀಜಗಳ ಬಳಗಕ್ಕೆ ಸೇರಿದ ಗಿಡ. ಕೇರೆಣ್ಣೆ ತಾಗಿದರೆ ಮೈ ಬೊಬ್ಬೆಯೇಳುವಂತೆ ಇದರಿಂದಲೂ ಏಳುತ್ತದೆ. ಅದರ ಎಣ್ಣೆ ಸೀರೆಯ ಅಂಚಿಗೆ ಹತ್ತಿ ಮನೆಯವರೆಗೂ ಬರುತ್ತದೆ. ಅದಿಲ್ಲದಿದ್ದರೂ ಅಲ್ಲಿ ಒಂದು ಎಲೆಯನ್ನಾಗಲಿ ಹೂವನ್ನಾಗಲಿ ಕೀಳುವಂತಿಲ್ಲ. ಪೂಜೆಗೆಂದು ಕಿತ್ತರೂ ತಪ್ಪು ತಪ್ಪೇ.

ಈಗ ಬುತ್ತಿಯ ಮಾತಿಗೆ ಬರುತ್ತೇನೆ. ಈ ಪತ್ರವನ್ನು ಬರೆಯಲು ಕುಳಿತದ್ದೇ ಅದಕ್ಕಾಗಿ.

2019ರ ಜೂನ್ ತಿಂಗಳಲ್ಲಿ ನಾವು ಹೋದಾಗ ನಾನು ಹಿಂದಿನ ರಾತ್ರಿಯೇ ಬುತ್ತಿ ಕಟ್ಟಿದ್ದೆ. ಊರಿನಿಂದ ತಂದಿದ್ದ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಬದನೆಕಾಯಿ ಪಲ್ಯ, ಮೊಸರನ್ನ, ಮೊಮ್ಮಗನಿಗೆಂದು ಚುರುಮುರಿ. ಮರಗಳ ನಡುವಿನ ಮೇಜಿನ ಮೇಲೆ ಎಲ್ಲವನ್ನೂ ಹರವಿ ಕುಳಿತೆವು. ಅಷ್ಟರಲ್ಲಿ ಒಂದು ಹಕ್ಕಿ ಬಂದು ಎದುರಿನ ಕೊಂಬೆಯ ಮೇಲೆ ಕುಳಿತಿತು. ಮೈಯೆಲ್ಲ ಗಾಢ ನೀಲಿ, ತಲೆಯ ಮೇಲೆ ಕಪ್ಪು ಜುಟ್ಟು. ಅದನ್ನು ಸ್ಟೆಲ್ಲರ್ಸ್ ಜೇ ಎನ್ನುತ್ತಾರೆ, ನಮ್ಮ ಕಾಗೆಯ ದಾಯಾದಿ. ನಮ್ಮ ಯಜಮಾನರು ಧಾರವಾಡದ ಮನೆಯಲ್ಲಿ ನಲವತ್ತು ವರ್ಷ ಒಂದು ದಿನವೂ ತಪ್ಪದೆ ಮಾಳಿಗೆಯ ಮೇಲೆ ಹಕ್ಕಿಗಳಿಗೆ ರೊಟ್ಟಿಯ ಚೂರು ಹಾಕಿದವರು. ತಾವು ಉಣ್ಣುವ ಮೊದಲು ಅದು ಆಗಲೇಬೇಕು. ಜ್ವರ ಬಂದ ದಿನ ನನ್ನನ್ನು ಏಣಿ ಹತ್ತಿಸುತ್ತಿದ್ದರು. ಅಂಥವರು ಸುಮ್ಮನಿರುವುದುಂಟೆ? ರೊಟ್ಟಿ ಮುರಿದು ಒಂದು ತುಂಡನ್ನು ಹಕ್ಕಿಯ ಕಡೆಗೆ ಎಸೆದರು.

"ಅಜ್ಜಾ, ಹಾಕಬ್ಯಾಡ್ರಿ!" ಎಂದು ಒಂಬತ್ತು ವರ್ಷದ ಮೊಮ್ಮಗ ಎದ್ದು ನಿಂತು ಕೂಗಿದ. "ಅದಕ್ಕ ಹಾಕಿದ್ರ ಇನ್ನೊಂದು ಹಕ್ಕೀ ಮರಿ ಸಾಯ್ತಾವ!"

"ಹಕ್ಕಿಗೆ ತುತ್ತು ಹಾಕಿದ್ರ ಹಕ್ಕಿ ಸಾಯ್ತದೇನೋ, ಹುಚ್ಚಪ್ಪಾ?" ಎಂದು ಇವರು ನಕ್ಕು ಇನ್ನೊಂದು ತುಂಡು ಮುರಿದರು.

ಕೂಗು ಕೇಳಿ ಅಲ್ಲಿಯ ಅರಣ್ಯ ರಕ್ಷಕರೊಬ್ಬರು ಬಂದರು. ಬಹಳ ವಿನಯದಿಂದಲೇ ಮಾತನಾಡಿದರು, ಟೊಪ್ಪಿಗೆ ಮುಟ್ಟಿ 'ಸರ್' ಎಂದರು. ಮೇಜಿನ ಪಕ್ಕದ ಫಲಕವನ್ನು ತೋರಿಸಿದರು. ಮಗನು ಕ್ಷಮೆ ಕೇಳಿದ. ಆಮೇಲೆ ಮಗ, ಸೊಸೆ, ಮೊಮ್ಮಗ ಮೂವರೂ ನೆಲದ ಮೇಲೆ ಬಗ್ಗಿ ರೊಟ್ಟಿಯ ಪುಡಿಯನ್ನು ಒಂದೊಂದಾಗಿ ಆರಿಸತೊಡಗಿದರು. ಎಪ್ಪತ್ತೊಂದು ವರ್ಷದ ಇವರು ತುತ್ತನ್ನು ಕೈಯಲ್ಲಿಯೇ ಹಿಡಿದುಕೊಂಡು ಅದನ್ನು ನೋಡುತ್ತ ಕುಳಿತಿದ್ದರು. ಆಮೇಲೆ ಅವರು ಊಟ ಮಾಡಲಿಲ್ಲ. ತಿರುಗಿ ಬರುವಾಗ ಕಾರಿನಲ್ಲಿ ಒಬ್ಬರೂ ಮಾತಾಡಲಿಲ್ಲ. ರಾತ್ರಿ ನನ್ನೊಡನೆ ಮಾತ್ರ ಹೇಳಿದರು: "ಇನ್ನ ಮ್ಯಾಲೆ ನಾ ಎಲ್ಲಿಗೂ ಬರೂದಿಲ್ಲ. ಈ ಊರಾಗ ನನಗ ಕೈ ಆಡ್ಸಾಕೂ ಅಂಜಿಕಿ ಬರ್ತದ."

ಅವರಿಗೆ ನೋವಾದದ್ದು ನಿಯಮದಿಂದಲ್ಲ. ಜೀವಮಾನವೆಲ್ಲ ಪುಣ್ಯವೆಂದು ನಂಬಿ ಮಾಡಿದ ಕೆಲಸವು ಮೊಮ್ಮಗನ ಎದುರಿಗೆ ಅಪರಾಧವಾಗಿ ನಿಂತಿತಲ್ಲ, ಅದರಿಂದ.

ಮೂರನೆಯ ದಿನ ಮೊಮ್ಮಗ ಉದ್ಯಾನದಿಂದ ತಂದ ಒಂದು ಮಡಿಕೆಯ ಕಾಗದವನ್ನು ಅಜ್ಜನ ಮುಂದೆ ಇಟ್ಟು ಓಡಿಹೋದ. ಇವರು ಕನ್ನಡಕ ಹಾಕಿಕೊಂಡು ಓದಿದರು. ತಿಳಿಯದ ಶಬ್ದಗಳಿಗೆ ಗುರುತು ಹಾಕಿ ಮಗನನ್ನು ಕೇಳಿದರು. ಮಗನು ಇನ್ನೂ ಕೆಲವು ಪುಸ್ತಕಗಳಿಂದ ವಿಷಯ ಹುಡುಕಿ ಕೊಟ್ಟ. ಅವರು ತಿಳಿದುಕೊಂಡುದರ ಸಾರ ಇದು.

ಆ ಕಾಡಿನಲ್ಲಿ ಇನ್ನೊಂದು ಹಕ್ಕಿಯಿದೆ, ಮಾರ್ಬಲ್ಡ್ ಮರ್ರೆಲೆಟ್ ಎಂದು ಹೆಸರು. ಪಾರಿವಾಳಕ್ಕಿಂತ ಚಿಕ್ಕದು. ಇದು ಕಡಲ ಹಕ್ಕಿ. ಬದುಕೆಲ್ಲ ಸಮುದ್ರದ ಮೇಲೆ, ಆಹಾರವೆಲ್ಲ ಸಣ್ಣ ಮೀನು. ಆದರೆ ತತ್ತಿಯಿಡಲು ಮಾತ್ರ ಮೈಲಿಗಟ್ಟಲೆ ಒಳನಾಡಿಗೆ ಹಾರಿ ಬಂದು ಹಳೆಯ ಮರದ ದಪ್ಪ ಕೊಂಬೆಯನ್ನು ಹುಡುಕುತ್ತದೆ. ಗೂಡನ್ನು ಕಟ್ಟುವುದಿಲ್ಲ. ಕೊಂಬೆಯ ಮೇಲಿನ ಪಾಚಿಯಲ್ಲಿ ಒಂದು ತಗ್ಗು ಮಾಡಿ ಒಂದೇ ಒಂದು ತತ್ತಿಯನ್ನು ಇಡುತ್ತದೆ. ತಂದೆತಾಯಿಗಳು ಸರದಿಯಂತೆ ಕಾವು ಕೂತು, ಮರಿ ಹೊರಬಂದ ಮೇಲೆ ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಸಮುದ್ರದಿಂದ ಮೀನು ತಂದು ಉಣಿಸುತ್ತವೆ. ಇಷ್ಟು ಗುಟ್ಟಾಗಿ ಬಾಳುವ ಹಕ್ಕಿಯಾದುದರಿಂದ, ಪಂಡಿತರಿಗೆ ಹದಿನೆಂಟನೆಯ ಶತಮಾನದಿಂದ ಪರಿಚಯವಿದ್ದರೂ ಅದು ಮರದ ಮೇಲೆ ಎಲ್ಲಿ ತತ್ತಿಯಿಡುತ್ತದೆಂದು ತಿಳಿದಿರಲಿಲ್ಲ. ಹುಡುಕಿಕೊಟ್ಟವರಿಗೆ ಬಹುಮಾನವನ್ನೂ ಸಾರಿದ್ದರು. ಕೊನೆಗೆ 1974ರಲ್ಲಿ ಇದೇ ಬಿಗ್ ಬೇಸಿನ್ನಿನಲ್ಲಿ, ಅಪಾಯದ ಕೊಂಬೆಗಳನ್ನು ಕತ್ತರಿಸಲು ಸುಮಾರು 150 ಅಡಿ ಎತ್ತರಕ್ಕೆ ಹತ್ತಿದ್ದ ಕೆಲಸಗಾರನೊಬ್ಬನ ಕಣ್ಣಿಗೆ ಅದರ ಮರಿ ಬಿದ್ದಿತು. ವಿದ್ವಾಂಸರು ಬಗೆಹರಿಸಲಾರದ ಒಗಟನ್ನು ಮರ ಹತ್ತುವವನು ಬಿಡಿಸಿದ. ಈ ಭಾಗವನ್ನು ಓದಿ ನಮ್ಮವರು ಅಂದು ಮೊದಲ ಬಾರಿಗೆ ನಕ್ಕರು.

ಹಳೆಯ ಕಾಡುಗಳೆಲ್ಲ ಕೊಡಲಿಗೆ ಬಲಿಯಾದಂತೆ ಈ ಹಕ್ಕಿಗೆ ಕೊಂಬೆ ಇಲ್ಲದಾಯಿತು. ಅಳಿವಿನ ಅಂಚಿನಲ್ಲಿರುವ ಹಕ್ಕಿಗಳ ಪಟ್ಟಿಗೆ 1992ರಲ್ಲಿ ಸೇರಿತು. ಉಳಿದ ಕೆಲವೇ ತೋಪುಗಳಲ್ಲಿ ಅದರ ಶತ್ರುವಾಗಿ ನಿಂತದ್ದು ಮನುಷ್ಯನ ಬುತ್ತಿ. ಹೇಗೆಂದರೆ, ಜನ ಕುಳಿತು ಉಣ್ಣುವ ಸ್ಥಳಗಳಲ್ಲಿ ಬಿದ್ದ ಅಗುಳು, ಬ್ರೆಡ್ಡಿನ ಚೂರು, ಹುರಿಗಾಳುಗಳಿಗೆ ನೀಲಿ ಜೇ ಹಕ್ಕಿಗಳೂ ಕಾಡುಕಾಗೆಗಳೂ ಮುತ್ತುತ್ತವೆ. ಅಪರೂಪಕ್ಕೆ ಒಂದೆರಡು ಇರಬೇಕಾದಲ್ಲಿ ಹಿಂಡಾಗಿ ನೆಲೆಸುತ್ತವೆ. ಅವು ಬರಿಯ ಚೂರು ತಿಂದು ಸುಮ್ಮನಾಗುವುದಿಲ್ಲ. ಮೇಲಿನ ಕೊಂಬೆಗಳನ್ನೂ ತಡಕುತ್ತವೆ. ಅಲ್ಲಿ ಮರ್ರೆಲೆಟ್ಟಿನ ತತ್ತಿ ಇದ್ದರೆ ಕುಕ್ಕಿ ತಿನ್ನುತ್ತವೆ. ವರ್ಷಕ್ಕೆ ಒಂದೇ ತತ್ತಿಯಿಡುವ ಹಕ್ಕಿಗೆ ಅದು ಹೋದರೆ ಆ ವರ್ಷದ ಸಂತಾನವೇ ಹೋದಂತೆ. ಉತ್ತರ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡುಗಳಲ್ಲಿ ವಿಜ್ಞಾನಿಗಳು ಒಂದು ವಿಚಿತ್ರ ಉಪಾಯವನ್ನು ಸಹ ಮಾಡಿ ನೋಡಿದ್ದಾರೆ. ಸಣ್ಣ ಕೋಳಿತತ್ತಿಗಳಿಗೆ ಮರ್ರೆಲೆಟ್ ತತ್ತಿಯ ಬಣ್ಣ ಬಳಿದು, ಒಳಗೆ ವಾಂತಿಯ ಔಷಧ ಸೇರಿಸಿ ಮರಗಳಲ್ಲಿ ಇಟ್ಟರು. ತಿಂದು ಕಷ್ಟಪಟ್ಟ ಜೇ ಹಕ್ಕಿ ಮತ್ತೊಮ್ಮೆ ಆ ಬಣ್ಣದ ತತ್ತಿಗೆ ಬಾಯಿ ಹಾಕದಿರಲಿ ಎಂದು. ಜನರಿಗೆ ಬೇಡಿಕೊಂಡದ್ದು ಇಷ್ಟೇ: ಒಂದು ಚೂರನ್ನೂ ಬೀಳಿಸಬೇಡಿ, ಬಿದ್ದರೆ ಎತ್ತಿರಿ, ಯಾವ ಪ್ರಾಣಿಗೂ ಹಾಕಬೇಡಿ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಇವರೇ ಮಾತು ತೆಗೆದರು. "ಆ ಹಕ್ಕಿ ಒಂದs ತತ್ತಿ ಇಡ್ತದಂತ," ಎಂದರು. ಮೊಮ್ಮಗ ಓರೆಗಣ್ಣಿನಿಂದ ನೋಡಿದ. "ನೀ ಅಂದದ್ದು ಖರೇ ಅದ. ಖರೇ ಆದ್ರೂ ಒದರಬಾರದಾಗಿತ್ತು," ಎಂದರು. ಹುಡುಗ ಎದ್ದು ಹೋಗಿ ಅಜ್ಜನ ಮಗ್ಗುಲಲ್ಲಿ ತಟ್ಟೆ ಇಟ್ಟುಕೊಂಡ.

ಊರಿಗೆ ಮರಳಿದ ಮೇಲೆ ಮಾಳಿಗೆಯ ಮೇಲೆ ರೊಟ್ಟಿ ಹಾಕುವುದು ಮುಂದುವರಿಯಿತು. ಮೊದಲ ದಿನ ಮಾತ್ರ ಕೈಯಲ್ಲಿ ಚೂರು ಹಿಡಿದು ನಿಂತು, "ಇಲ್ಲಿ ಹಾಕಬಹುದಲ್ಲಾ?" ಎಂದು ನನ್ನನ್ನು ಕೇಳಿದರು. ನಾನು ಏನೆಂದು ಹೇಳಲಿ? ಕಾಗೆ ಗುಬ್ಬಿಗಳು ಕಾಯುತ್ತಿದ್ದವು. ಹಾಕಿರೆಂದೆ.

ಆದುದರಿಂದ, ರಾಣೆಬೆನ್ನೂರಿನ ಸಹೋದರಿಗೆ ನನ್ನ ಮುಖ್ಯ ಸೂಚನೆ ಇದೇ. ನೀವೂ ನಿಮ್ಮ ಮನೆಯವರೂ ಈ ವಿಷಯವನ್ನು ಇಲ್ಲಿಯೇ, ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಿರಿ. ಮಗಳಿಗೂ ಪತ್ರ ತೋರಿಸಿರಿ. ಹೊರದೇಶದಲ್ಲಿರುವ ಮಕ್ಕಳಿಗೆ ನಾನು ಹೇಳುವುದಿಷ್ಟು: ಕಾರಿನ ಜಾಗ ಕಾಯ್ದಿರಿಸುವಷ್ಟೇ ಜೋಕೆಯಿಂದ ನಿಮ್ಮ ಹಿರಿಯರಿಗೆ ಮುಂಚಿತವಾಗಿ ಕಾರಣವನ್ನು ತಿಳಿಸಿ ಕರೆದುಕೊಂಡು ಹೋಗಿರಿ. ನಿಯಮವನ್ನಷ್ಟೇ ಹೇಳಿದರೆ ಸಾಲದು, ಆ ಒಂದು ತತ್ತಿಯ ಕಥೆಯನ್ನು ಹೇಳಿರಿ. ಹಕ್ಕಿಯ ಮೇಲೆ ಪ್ರೀತಿಯಿರುವವರಿಗೆ ಅದು ಅರ್ಧ ಮಾತಿಗೇ ತಿಳಿಯುತ್ತದೆ. ನಾವು ತಿಳಿಯಲಾರದವರೆಂದು ಬಗೆದು, ಅಲ್ಲಿ ಹೋದ ಮೇಲೆ ನಾಲ್ಕು ಜನರ ಎದುರಿಗೆ ಕೈ ಹಿಡಿಯುವಂತೆ ಆಗಬಾರದು.

ಬುತ್ತಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಕಡಕ್ ರೊಟ್ಟಿ ಆ ಕಾಡಿಗೆ ಸಲ್ಲದು. ಮುರಿದೊಡನೆ ಹತ್ತು ಕಡೆ ಸಿಡಿಯುತ್ತದೆ. ಚುರುಮುರಿ, ಹಚ್ಚಿದ ಅವಲಕ್ಕಿ ಗಾಳಿಗೆ ಹಾರುತ್ತವೆ. ಶೇಂಗಾ ಹೋಳಿಗೆಯೂ ಉದುರುತ್ತದೆ, ಮನಸ್ಸಿಗೆ ಬೇಸರವಾದರೂ ಬಿಡಿರಿ. ಮೆಂತ್ಯೆಸೊಪ್ಪಿನ ಮೆತ್ತಗಿನ ಚಪಾತಿಗೆ ಪಲ್ಯ ಹಚ್ಚಿ ಸುರುಳಿ ಸುತ್ತಿ ಒಬ್ಬೊಬ್ಬರಿಗೆ ಒಂದೊಂದು ಪೊಟ್ಟಣ ಮಾಡಿರಿ. ಮೊಸರನ್ನವನ್ನು ಚಿಕ್ಕ ಡಬ್ಬಿಗಳಲ್ಲಿ ಬೇರೆ ಬೇರೆ ತುಂಬಿರಿ. ಚಟ್ನಿಪುಡಿಯನ್ನು ಮನೆಯಲ್ಲಿಯೇ ಎಣ್ಣೆಯಲ್ಲಿ ಕಲಸಿಡಿರಿ. ಮೇಜಿಗೆ ಹಾಸಲು ಒಂದು ಹಳೆಯ ಧೋತರದ ತುಂಡು ಇರಲಿ. ಊಟವಾದ ಮೇಲೆ ನಾಲ್ಕು ಮೂಲೆ ಕೂಡಿಸಿ ಗಂಟು ಕಟ್ಟಿದರೆ ಆಯಿತು. ಕೈ ತೊಳೆದ ನೀರಿನಲ್ಲಿಯೂ ಅಗುಳು ಹೋಗದಂತೆ ನೋಡಿಕೊಳ್ಳಬೇಕು. ಎಂಜಲನ್ನು ನೆಲಕ್ಕೆ ಚೆಲ್ಲದೆ ಪ್ರಸಾದವನ್ನು ಉಳಿಸದೆ ಉಣ್ಣುವ ರೂಢಿಯಿರುವ ಮನೆಗಳಿಗೆ ಇದೇನು ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ.

ನಮ್ಮವರು 2021ರ ಚಳಿಗಾಲದಲ್ಲಿ ಲಿಂಗೈಕ್ಯರಾದರು. ಬಿಗ್ ಬೇಸಿನ್ ಸುಟ್ಟ ಸುದ್ದಿಯನ್ನು ಮಗನು ಫೋನಿನಲ್ಲಿ ತಿಳಿಸಿದಾಗ ಅವರು ಇದ್ದರು. ಮರಗಳ ವಿಷಯವನ್ನು ಮೊದಲು ಕೇಳಲಿಲ್ಲ, "ಆ ಹಕ್ಕಿ?" ಎಂದು ಕೇಳಿದ್ದರು. ಮಗನಿಗೆ ಉತ್ತರ ಗೊತ್ತಿರಲಿಲ್ಲ. ಗೂಡಿಗೆ ಯೋಗ್ಯವಾಗಿದ್ದ ಎಷ್ಟೋ ಕೊಂಬೆಗಳು ಆ ಬೆಂಕಿಯಲ್ಲಿ ಹೋದವು. ಅಂಥ ಕೊಂಬೆ ಮತ್ತೆ ಬೆಳೆಯಲು ಎಷ್ಟೋ ತಲೆಮಾರು ಬೇಕು.

2023ರಲ್ಲಿ ಹೋದಾಗ ನಾನು ಕರಿಯಾದ ಕಂಬಗಳನ್ನು ಕಾಣಬೇಕಾದೀತೆಂದು ಎದೆ ಗಟ್ಟಿಮಾಡಿಕೊಂಡಿದ್ದೆ. ಕಂಬಗಳು ಕರಿಯವೇ ಇದ್ದವು. ಆದರೆ ಬುಡದಿಂದ ತುದಿಯವರೆಗೆ ಕಾಂಡಕ್ಕೆ ಅಂಟಿಕೊಂಡು ಹಸುರು ಚಿಗುರು, ಕರಿಯ ಕಂಬಳಿಗೆ ಹಸುರು ಕುಚ್ಚು ಕಟ್ಟಿದಂತೆ. ರೆಡ್‌ವುಡ್ಡಿನ ತೊಗಟೆ ಒಂದು ಅಡಿಯವರೆಗೂ ದಪ್ಪವಿರುತ್ತದೆ. ಅದರ ಅಡಿಯಲ್ಲಿ ಮೊಗ್ಗುಗಳು ಬಹುಕಾಲ ಮಲಗಿದ್ದು, ಮೇಲಿನ ಎಲೆಗಳೆಲ್ಲ ಸುಟ್ಟುಹೋದಾಗ ಎಚ್ಚರಗೊಳ್ಳುತ್ತವೆ. ಎಲೆಯೇ ಇಲ್ಲದ ಮರ ಈ ಚಿಗುರಿಗೆ ಆಹಾರವನ್ನು ಎಲ್ಲಿಂದ ಕೊಟ್ಟೀತು? ಇದೇ ಕಾಡಿನ ಮರಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2023ರಲ್ಲಿ ಅದಕ್ಕೆ ಉತ್ತರ ಪ್ರಕಟಿಸಿದರು. ಅರ್ಧ ಶತಮಾನಕ್ಕೂ ಹಿಂದೆ ಮರವು ತನ್ನೊಳಗೆ ಕೂಡಿಟ್ಟ ಸಕ್ಕರೆಯ ಅಂಶದಿಂದ ಆ ಚಿಗುರು ಬೆಳೆದಿತ್ತು. ಅಜ್ಜಿ ಹಗೇವಿನಲ್ಲಿ ಮುಚ್ಚಿಟ್ಟ ಜೋಳ ಬರಗಾಲದಲ್ಲಿ ಮೊಮ್ಮಕ್ಕಳಿಗೆ ಒದಗಿದಂತೆ. ಆದರೆ ಅದೇ ಕಾಡಿನ ಡಗ್ಲಸ್ ಫರ್ ಮರಗಳಿಗೆ ಈ ಶಕ್ತಿಯಿಲ್ಲ. ಅವುಗಳಲ್ಲಿ ಬಹುಪಾಲು ಸತ್ತು ನಿಂತಿವೆ. 1974ರಲ್ಲಿ ಮರಿ ಸಿಕ್ಕಿದ್ದು ಅಂಥದೊಂದು ಡಗ್ಲಸ್ ಫರ್ ಮರದ ಮೇಲೆ.

ಮಧ್ಯಾಹ್ನ ಒಂದು ಮೇಜು ಹುಡುಕಿ ಧೋತರದ ತುಂಡು ಹಾಸಿದೆವು. ಅದು ಅವರದೇ ಧೋತರ, ನಾನು ಊರಿನಿಂದ ಒಯ್ದಿದ್ದೆ. ಮೊಮ್ಮಗನಿಗೆ ಈಗ ಹದಿಮೂರು, ದನಿ ಒಡೆದಿದೆ. ಚಪಾತಿ ತಿಂದು ಮುಗಿಸುವಷ್ಟರಲ್ಲಿ ನೀಲಿ ಹಕ್ಕಿ ಬಂದು ಸುಟ್ಟ ಕೊಂಬೆಯ ಮೇಲೆ ಕುಳಿತು ಒಂದು ಕಣ್ಣಿನಿಂದ ನಮ್ಮ ಡಬ್ಬಿಗಳನ್ನು ನೋಡಿತು. ಯಾರೂ ಏನೂ ಹಾಕಲಿಲ್ಲ. ಅದು ಸ್ವಲ್ಪ ಹೊತ್ತು ಕಾಯ್ದು ಹಾರಿಹೋಯಿತು. ನಾನು ಎದ್ದಾಗ ಮಡಿಲಿನಲ್ಲಿ ನಾಲ್ಕು ಚೂರು ಉಳಿದಿದ್ದವು. ಅಭ್ಯಾಸದಂತೆ ಸೆರಗು ಝಾಡಿಸಲು ಹೊರಟವಳು ತಡೆದು ನಿಂತೆ. ಮೊಮ್ಮಗ ಏನೂ ಮಾತಾಡದೆ ತನ್ನ ಬೊಗಸೆಯನ್ನು ನನ್ನ ಸೆರಗಿನ ಕೆಳಗೆ ಹಿಡಿದ.